ಶಾಸಕರು ದಿಲ್ಲಿಗೆ ಹೊರಟಾಗ ಕ್ಷೇತ್ರದವರನ್ನು ಕೇಳಿದವರು ಯಾರು?

ಶಾಸಕರಾಗಿ ಆಯ್ಕೆಯಾದವರು ಲೋಕಸಭೆಗೆ ನಿಂತರೆ ಕಾನೂನು ಏನು ಹೇಳುತ್ತದೆ, ಅವರು ಬಿಟ್ಟುಹೋದ ಊರುಗಳ ಪಾಡೇನು ಎಂದು ಕೇಳಿದ ಪತ್ರಗಳನ್ನೆಲ್ಲ ಈ ಸಂಚಿಕೆಗೆ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು: ನಾನು ತಾಲ್ಲೂಕು ಕಚೇರಿಯಲ್ಲಿ ಚುನಾವಣಾ ಶಿರಸ್ತೇದಾರಳಾಗಿದ್ದು ನಿವೃತ್ತಳಾದವಳು. ಮತದಾರರ ಪಟ್ಟಿ, ನಾಮಪತ್ರ, ಸಿಬ್ಬಂದಿಗೆ ಮತಯಂತ್ರ ಹಂಚಿ ಕಳಿಸುವ ಮಸ್ಟರಿಂಗ್, ಯಂತ್ರಗಳನ್ನು ಭದ್ರವಾಗಿಡುವ ಸ್ಟ್ರಾಂಗ್ ರೂಂ ಇವುಗಳ ನಡುವೆಯೇ ನನ್ನ ನೌಕರಿ ಕಳೆಯಿತು. ಯಾವ ಪಕ್ಷದ ಪರವಾಗಿಯೂ ಇಲ್ಲಿ ಬರೆಯುವುದಿಲ್ಲ. ಸರದಿಯಲ್ಲಿ ನಿಂತು ಮತ ಹಾಕುವವರ ಪರವಾಗಿ ಬರೆಯುತ್ತೇನೆ.

ಪ್ರಶ್ನೆ: ಮೇಡಂ, ನಮ್ಮ ಬಳ್ಳಾರಿ ಲೋಕಸಭಾ ಕ್ಷೇತ್ರಕ್ಕೆ 2024ರಲ್ಲಿ ನಿಂತ ಇ. ತುಕಾರಾಂ ಅವರು ಆಗ ಸಂಡೂರಿನ ಶಾಸಕರು. ರಾಜೀನಾಮೆ ಕೊಡದೆ ಅವರು ನಾಮಪತ್ರ ಹಾಕಿದ್ದು ಸರಿಯೇ? ಸೋತಿದ್ದರೆ ಏನಾಗುತ್ತಿತ್ತು?
— ಪದವಿ ವಿದ್ಯಾರ್ಥಿನಿ, ಹೊಸಪೇಟೆ

ಉತ್ತರ: ಸರಿಯೇ ಇದೆ, ತಂಗಿ. ಶಾಸಕರಾಗಿರುವುದು ಲೋಕಸಭೆಗೆ ನಿಲ್ಲಲು ಅಡ್ಡಿಯಲ್ಲ. ಎರಡೂ ಸದನಗಳಲ್ಲಿ ಒಟ್ಟಿಗೆ ಕೂರುವುದಕ್ಕೆ ಮಾತ್ರ ಅಡ್ಡಿ. ಸಂವಿಧಾನದ 101ನೇ ವಿಧಿಯ ಎರಡನೇ ಖಂಡ ಮತ್ತು ಅದರ ಕೆಳಗೆ 1950ರಲ್ಲಿ ಮಾಡಿದ ನಿಯಮಗಳ ಪ್ರಕಾರ, ಸಂಸತ್ತಿಗೆ ಆಯ್ಕೆಯಾದದ್ದು ಗೆಜೆಟ್‌ನಲ್ಲಿ ಪ್ರಕಟವಾದ 14 ದಿನದೊಳಗೆ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಡಬೇಕು. ಕೊಡದಿದ್ದರೆ ಯಾವ ಸ್ಥಾನ ಹೋಗುತ್ತದೆ ಗೊತ್ತೇ? ಶಾಸಕ ಸ್ಥಾನ ಹೋಗುತ್ತದೆ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಹೋಗುವುದು ಸಂಸತ್ ಸ್ಥಾನ. ರಾಜ್ಯದ ಜನ ಮೊದಲು ಕೊಟ್ಟ ಹೊಣೆಯನ್ನು ನೀವಾಗಿ ಇಳಿಸದ ಹೊರತು ಎರಡನೆಯದು ನಿಮಗೆ ದಕ್ಕದು ಎಂಬುದು ಅದರ ಅರ್ಥ. ಸಂವಿಧಾನ ಬರೆದವರು ಇಲ್ಲಿ ರಾಜ್ಯದ ಮತದಾರನಿಗೆ ಕೊಟ್ಟ ಮರ್ಯಾದೆ ನನಗೆ ಬಹಳ ಹಿಡಿಸುತ್ತದೆ.

ಸೋತರೆ ಏನೂ ಆಗುವುದಿಲ್ಲ. 2019ರಲ್ಲಿ ಭಾಲ್ಕಿ ಶಾಸಕರಾಗಿದ್ದ ಈಶ್ವರ ಖಂಡ್ರೆ ಬೀದರ್‌ನಲ್ಲಿ ನಿಂತು ಸೋತರು, ಬ್ಯಾಟರಾಯನಪುರದ ಕೃಷ್ಣ ಬೈರೇಗೌಡ ಬೆಂಗಳೂರು ಉತ್ತರದಲ್ಲಿ ನಿಂತು ಸೋತರು. ಇಬ್ಬರೂ ಶಾಸಕರಾಗಿಯೇ ಮುಂದುವರಿದರು.

ಪಕ್ಷ ಬದಲಿಸಿ ನಿಲ್ಲುವವರ ಲೆಕ್ಕ ಬೇರೆ. ಚಿಂಚೋಳಿಯ ಡಾ. ಉಮೇಶ ಜಾಧವ್ 2018ರಲ್ಲಿ ಕಾಂಗ್ರೆಸ್‌ನಿಂದ ಗೆದ್ದವರು. 2019ರಲ್ಲಿ ಬಿಜೆಪಿಯಿಂದ ಕಲಬುರಗಿಗೆ ನಿಲ್ಲುವ ಮೊದಲೇ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಕೊಡದಿದ್ದರೆ ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿ ಬೆನ್ನು ಹತ್ತುತ್ತಿತ್ತು.

ಒಂದೇ ಮನುಷ್ಯರು ವಿಧಾನಸಭೆಗೆ ನಿಂತಾಗ ತುಂಬುವುದು ನಾಮಪತ್ರದ ನಮೂನೆ 2ಬಿ, ಲೋಕಸಭೆಗೆ ನಿಂತಾಗ 2ಎ. ಲೋಕಸಭೆಯ ನಾಮಪತ್ರ ಸಲ್ಲಿಕೆಯಾಗುವುದು ಚುನಾವಣಾಧಿಕಾರಿಯಾದ ಜಿಲ್ಲಾಧಿಕಾರಿಯ ಬಳಿ. ನಾನು ಕೆಲಸದಲ್ಲಿದ್ದಾಗ ಹಳೆಯ ಅಭ್ಯಾಸದಿಂದ ಬೇರೆ ನಮೂನೆ ತುಂಬಿಸಿಕೊಂಡು ಬಂದವರನ್ನೂ ನೋಡಿದ್ದೇನೆ. ವರ್ಷಗಟ್ಟಲೆ ಶಾಸಕರಾಗಿದ್ದವರ ಜತೆಯವರೇ ಹಾಗೆ ತಡಬಡಾಯಿಸುತ್ತಾರೆ.

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. 2023ರಲ್ಲಿ ನಾವು ಬಸವರಾಜ ಬೊಮ್ಮಾಯಿಯವರನ್ನು ಆರಿಸಿದೆವು. ವರ್ಷ ಕಳೆಯುವುದರೊಳಗೆ ಅವರು ಹಾವೇರಿ ಲೋಕಸಭೆಗೆ ನಿಂತರು. ಆದರೆ ನಾವು ಅವರಿಗೆ ಓಟು ಹಾಕುವ ಹಾಗೇ ಇರಲಿಲ್ಲ. ನಮ್ಮದು ಹಾವೇರಿ ಜಿಲ್ಲೆಯೇ ಅಲ್ಲವೇ? ಮೇಲೆ ಉಪಚುನಾವಣೆ ಬೇರೆ ಬಂತು. ನಮ್ಮನ್ನು ಯಾರಾದರೂ ಕೇಳಿದ್ದರೇ?
— ರೈತ, ಶಿಗ್ಗಾವಿ ತಾಲ್ಲೂಕು

ಉತ್ತರ: ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ, ಅಣ್ಣಾವ್ರೇ. ನಿಮ್ಮನ್ನು ಯಾರೂ ಕೇಳಿರಲಿಲ್ಲ. ಕೇಳಬೇಕೆಂಬ ಕಾನೂನೂ ಇಲ್ಲ.

ಮೊದಲು ಗಡಿಯ ವಿಷಯ. ಜಿಲ್ಲೆ ಬೇರೆ, ಲೋಕಸಭಾ ಕ್ಷೇತ್ರ ಬೇರೆ. ಕರ್ನಾಟಕದ 224 ವಿಧಾನಸಭಾ ಕ್ಷೇತ್ರಗಳನ್ನು 28 ಲೋಕಸಭಾ ಕ್ಷೇತ್ರಗಳಿಗೆ ತಲಾ ಎಂಟರಂತೆ ಹಂಚಿದ್ದಾರೆ. 2008ರ ಮರುವಿಂಗಡಣೆಯಲ್ಲಿ ನಿಮ್ಮ ಶಿಗ್ಗಾವಿ ಧಾರವಾಡ ಲೋಕಸಭೆಗೆ ಹೋಯಿತು. ಹಾವೇರಿ ಲೋಕಸಭೆಯಲ್ಲಿ ಇರುವುದು ಹಾನಗಲ್, ಹಾವೇರಿ, ಬ್ಯಾಡಗಿ, ಹಿರೇಕೆರೂರು, ರಾಣೆಬೆನ್ನೂರು, ಜತೆಗೆ ಗದಗ ಜಿಲ್ಲೆಯ ಗದಗ, ರೋಣ, ಶಿರಹಟ್ಟಿ. ಹಾಗಾಗಿ 2024ರ ಮೇ 7ರಂದು ನೀವು ಮತ ಹಾಕಿದ್ದು ಪ್ರಲ್ಹಾದ ಜೋಶಿ ಮತ್ತು ವಿನೋದ ಅಸೂಟಿ ಅವರಿದ್ದ ಧಾರವಾಡದ ಕಣಕ್ಕೆ. ನಿಮ್ಮ ಶಾಸಕರ ಹೆಸರು ನಿಮ್ಮ ಮತಯಂತ್ರದ ಮೇಲೆ ಇರಲೇ ಇಲ್ಲ.

ಅವರು ಹಾಗೆ ನಿಲ್ಲಬಹುದೇ ಎಂದರೆ, ನಿಲ್ಲಬಹುದು. ದೇಶದ ಯಾವುದಾದರೂ ಒಂದು ಲೋಕಸಭಾ ಕ್ಷೇತ್ರದ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ಇನ್ನೊಂದರಲ್ಲಿ ನಿಲ್ಲಬಹುದು. ಮತದಾರರ ಪಟ್ಟಿಯಲ್ಲಿ ತಮ್ಮ ಹೆಸರಿರುವ ಪುಟದ ದೃಢೀಕೃತ ಪ್ರತಿ ತಂದುಕೊಡಬೇಕು, ಅಷ್ಟೇ. ಚುನಾವಣೆಯ ಹೊತ್ತಿಗೆ ನಮ್ಮ ಶಾಖೆಗೆ ಅವಸರದಿಂದ ಬರುತ್ತಿದ್ದ ಅರ್ಜಿಗಳಲ್ಲಿ ಇದೂ ಒಂದು. ಭಾಗದ ಸಂಖ್ಯೆ, ಕ್ರಮಸಂಖ್ಯೆ ಒಂದಕ್ಕೊಂದು ತಾಳೆ ನೋಡಿ, ಮುದ್ರೆ ಒತ್ತಿ, ಸಹಿ ಮಾಡಿಸಿ ಕೊಡುತ್ತಿದ್ದೆವು.

ಈಗ ನಿಮ್ಮಂತೆಯೇ ನೊಂದ ಇನ್ನೊಂದು ಊರಿನ ಕಥೆ ಕೇಳಿ. ಅದೇ ವರ್ಷ ಚನ್ನಪಟ್ಟಣದ ಶಾಸಕರಾಗಿದ್ದ ಎಚ್.ಡಿ. ಕುಮಾರಸ್ವಾಮಿ ಮಂಡ್ಯದಲ್ಲಿ ನಿಂತರು. ಚನ್ನಪಟ್ಟಣ ಇರುವುದು ಬೆಂಗಳೂರು ಗ್ರಾಮಾಂತರ ಲೋಕಸಭೆಯಲ್ಲಿ. ಅಲ್ಲಿಯವರು ಏಪ್ರಿಲ್ 26ರಂದು ನೋಡಿದ ಹೆಸರುಗಳು ಕುಮಾರಸ್ವಾಮಿಯವರ ಭಾವ ಡಾ. ಸಿ.ಎನ್. ಮಂಜುನಾಥ್ ಮತ್ತು ಡಿ.ಕೆ. ಸುರೇಶ್ ಅವರವು. ಆ ವರ್ಷ ಶಾಸಕರಾಗಿದ್ದು ಸಂಸದರಾದ ಮೂವರಲ್ಲಿ ತಮ್ಮದೇ ಮತದಾರರ ಮುಂದೆ ಮತ್ತೆ ನಿಂತವರು ತುಕಾರಾಂ ಒಬ್ಬರೇ. ಸಂಡೂರು ಬಳ್ಳಾರಿ ಲೋಕಸಭೆಯ ಎಂಟರಲ್ಲಿ ಒಂದು.

ಮೂರೂ ಕಡೆ ಉಪಚುನಾವಣೆ ನಡೆದದ್ದು 2024ರ ನವೆಂಬರ್ 13ರಂದು. ತೆರವಾದ ಆರು ತಿಂಗಳೊಳಗೆ ಚುನಾವಣೆ ನಡೆಸಬೇಕೆಂದು ಪ್ರಜಾಪ್ರತಿನಿಧಿ ಕಾಯ್ದೆಯ 151ಎ ಕಲಂ ಹೇಳುತ್ತದೆ. ಅಕ್ಟೋಬರ್ 15ರಂದು ದಿನಾಂಕ ಪ್ರಕಟವಾಯಿತು. ನೀತಿಸಂಹಿತೆ ಬಂತು. ದೀಪಾವಳಿ, ರಾಜ್ಯೋತ್ಸವಗಳೆಲ್ಲ ಅದರ ನಡುವೆಯೇ ಬಂದುಹೋದವು. ಶಾಲೆಯ ಮೇಷ್ಟ್ರು, ಮೇಡಂಗಳು ಹಬ್ಬದ ಹೊತ್ತಿನಲ್ಲಿ ಮತಗಟ್ಟೆ ತರಬೇತಿಗೆ ಓಡಾಡಿದರು. ಹೊಸ ಕಾಮಗಾರಿಗೆ ಗುದ್ದಲಿ ಪೂಜೆ ಇಲ್ಲ, ಹೊಸ ಮಂಜೂರಾತಿ ಇಲ್ಲ. 2023ರ ಮೇ 10ರಿಂದ ಲೆಕ್ಕ ಹಾಕಿದರೆ ಹದಿನೆಂಟು ತಿಂಗಳಲ್ಲಿ ನಿಮ್ಮ ಊರಿನವರು ದೊಡ್ಡ ಚುನಾವಣೆಗಳಿಗೇ ಮೂರು ಸಲ ಬೆರಳಿಗೆ ಶಾಯಿ ಹಾಕಿಸಿಕೊಂಡರು.

ಫಲಿತಾಂಶ ನೋಡಿ. ಶಿಗ್ಗಾವಿಯಲ್ಲಿ ಬೊಮ್ಮಾಯಿಯವರು 2023ರಲ್ಲಿ ಸುಮಾರು 36 ಸಾವಿರ ಮತಗಳಿಂದ ಗೆದ್ದಿದ್ದರು. ಉಪಚುನಾವಣೆಯಲ್ಲಿ ಅವರ ಮಗ ಭರತ್ 13,448 ಮತಗಳಿಂದ ಯಾಸಿರ್ ಅಹ್ಮದ್ ಖಾನ್ ಪಠಾಣ್ ಅವರಿಗೆ ಸೋತರು. ಚನ್ನಪಟ್ಟಣದಲ್ಲಿ ಕುಮಾರಸ್ವಾಮಿಯವರು ಸುಮಾರು 16 ಸಾವಿರದಿಂದ ಗೆದ್ದಿದ್ದ ಜಾಗದಲ್ಲಿ ಮಗ ನಿಖಿಲ್ 25,413 ಮತಗಳಿಂದ ಸಿ.ಪಿ. ಯೋಗೇಶ್ವರ್ ಅವರಿಗೆ ಸೋತರು. ಸಂಡೂರಿನಲ್ಲಿ ತುಕಾರಾಂ ಅವರ ಪತ್ನಿ ಅನ್ನಪೂರ್ಣ ಗೆದ್ದರು. ಅಂತರ 9,649. ಒಂದೂವರೆ ವರ್ಷದ ಹಿಂದೆ ಗಂಡ ಗೆದ್ದಾಗಿನ ಅಂತರ 35 ಸಾವಿರದ ಆಸುಪಾಸು ಇತ್ತು.

ಈ ಮೂರು ಫಲಿತಾಂಶಗಳಿಗೆ ನೂರು ಕಾರಣಗಳಿರುತ್ತವೆ. ಆಗ ರಾಜ್ಯದಲ್ಲಿ ಕಾಂಗ್ರೆಸ್ ಸರ್ಕಾರವಿತ್ತು, ಗ್ಯಾರಂಟಿ ಯೋಜನೆಗಳಿದ್ದವು, ಜಾತಿ ಲೆಕ್ಕಾಚಾರವಿತ್ತು, ಯೋಗೇಶ್ವರ್ ಕೊನೆಗಳಿಗೆಯಲ್ಲಿ ಪಕ್ಷ ಬದಲಿಸಿದ್ದೂ ಇತ್ತು. ಆದರೂ ಮೂರೂ ಕಡೆ ಕುಟುಂಬದ ಬಲ ಕುಗ್ಗಿದ್ದು ಒಂದೇ ದಿಕ್ಕಿಗೆ ಬೆರಳು ತೋರಿಸುತ್ತದೆ ಎಂದು ನನಗೆ ಅನ್ನಿಸುತ್ತದೆ. ಜನ ಒಬ್ಬ ಮನುಷ್ಯನಿಗೆ ಐದು ವರ್ಷಕ್ಕೆ ಕೊಟ್ಟ ಮತವನ್ನು ಮನೆಯವರು ಹಕ್ಕಿನಂತೆ ಕೇಳಿದಾಗ ಮತದಾರ ಹಿಂದೆಮುಂದೆ ನೋಡುತ್ತಾನೆ. 2009ರಲ್ಲೂ ಹೀಗಾಗಿತ್ತು. ಗುರುಮಠಕಲ್‌ನಿಂದ ಎಂಟು ಸಲ, ಚಿತ್ತಾಪುರದಿಂದ ಒಂದು ಸಲ ಸತತವಾಗಿ ಗೆದ್ದಿದ್ದ ಮಲ್ಲಿಕಾರ್ಜುನ ಖರ್ಗೆ ಲೋಕಸಭೆಗೆ ಹೋದ ಮೇಲೆ ಚಿತ್ತಾಪುರದ ಉಪಚುನಾವಣೆಯಲ್ಲಿ ಮಗ ಪ್ರಿಯಾಂಕ್ ಸೋತರು, ವಾಲ್ಮೀಕಿ ನಾಯಕ ಗೆದ್ದರು. ಇದಕ್ಕೆ ವಿರುದ್ಧವಾದ ಉದಾಹರಣೆಗಳೂ ಇವೆ. 2014ರಲ್ಲಿ ಶಿಕಾರಿಪುರದಲ್ಲಿ ಯಡಿಯೂರಪ್ಪನವರ ಮಗ ರಾಘವೇಂದ್ರ, ಚಿಕ್ಕೋಡಿ-ಸದಲಗಾದಲ್ಲಿ ಪ್ರಕಾಶ ಹುಕ್ಕೇರಿಯವರ ಮಗ ಗಣೇಶ, 2019ರಲ್ಲಿ ಚಿಂಚೋಳಿಯಲ್ಲಿ ಉಮೇಶ ಜಾಧವ್ ಅವರ ಮಗ ಅವಿನಾಶ್ ಗೆದ್ದರು.

ಹೀಗೆ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದಾಗ ನನಗೆ ಕೋಪ ಬರುತ್ತದೆ. ಮೂರು ಬೇರೆ ಬೇರೆ ಪಕ್ಷ, ಆದರೆ ಶಾಸಕ ಬಿಟ್ಟ ಕುರ್ಚಿಗೆ ಹೊಳೆದದ್ದು ಮನೆಯ ಹೆಸರೇ. ಹಿಂದೆ ಹದಿನೈದು ವರ್ಷ ಬಾವುಟ ಹಿಡಿದು ಬೂತ್ ಏಜೆಂಟ್ ಆಗಿ ಕೂತವರಿದ್ದಾರಲ್ಲ, ಬೆಳಿಗ್ಗೆ ಆರಕ್ಕೆ ಅಣಕು ಮತದಾನದ ಹೊತ್ತಿಗೆ ಬಂದು ಸಂಜೆ ಯಂತ್ರಕ್ಕೆ ಮೊಹರು ಬೀಳುವವರೆಗೂ ಕದಲದವರು, ಅವರಲ್ಲಿ ಒಬ್ಬರಿಗಾದರೂ ಆ ಯೋಗ್ಯತೆ ಇರಲಿಲ್ಲವೇ?

ನೀವು ಮಾಡಬಹುದಾದದ್ದು ಇದೆ. ಮುಂದಿನ ವಿಧಾನಸಭಾ ಚುನಾವಣೆಯಲ್ಲಿ ನಿಮ್ಮೂರಿಗೆ ಮತ ಕೇಳಲು ಬಂದವರನ್ನು ಹತ್ತು ಜನರ ಎದುರಿಗೆ ಕೇಳಿ: ನಡುವೆ ಲೋಕಸಭೆ ಚುನಾವಣೆ ಬರುತ್ತದೆ, ಪಕ್ಷ ಹೇಳಿದರೆ ಹೋಗುತ್ತೀರಾ? ಹೋಗುವುದಾದರೆ ಈಗಲೇ ಹೇಳಿ. ಕರ್ನಾಟಕದಲ್ಲಿ ಎರಡು ಚುನಾವಣೆಗಳ ನಡುವೆ ಒಂದೇ ವರ್ಷದ ಅಂತರ ಇರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಗೊತ್ತಿದ್ದೂ ಬಾಯಿ ಬಿಡದೆ ಮತ ತೆಗೆದುಕೊಳ್ಳುವುದು ನ್ಯಾಯವಲ್ಲ.

ಪ್ರಶ್ನೆ: ಒಬ್ಬರೇ ಎರಡು ಕಡೆ ನಿಲ್ಲುವುದನ್ನು ಯಾಕೆ ತಡೆಯುವುದಿಲ್ಲ?
— ಓದುಗರು, ಬಾದಾಮಿ

ಉತ್ತರ: 1996ರ ತಿದ್ದುಪಡಿಗೆ ಮೊದಲು ಮಿತಿಯೇ ಇರಲಿಲ್ಲ. ಈಗ ಒಂದು ಚುನಾವಣೆಯಲ್ಲಿ ಹೆಚ್ಚೆಂದರೆ ಎರಡು ಕ್ಷೇತ್ರ. ಒಬ್ಬರಿಗೆ ಒಂದೇ ಸ್ಥಾನ ಎಂದು ಮಾಡಿ ಎಂದು ಚುನಾವಣಾ ಆಯೋಗ 2004ರಲ್ಲೇ ಶಿಫಾರಸು ಮಾಡಿದೆ. ಆಗದಿದ್ದರೆ ಬಿಟ್ಟುಕೊಟ್ಟವರೇ ಉಪಚುನಾವಣೆಗೆಂದು ಹಣ ಕಟ್ಟಲಿ, ವಿಧಾನಸಭೆಗಾದರೆ 5 ಲಕ್ಷ, ಲೋಕಸಭೆಗಾದರೆ 10 ಲಕ್ಷ ಎಂದೂ ಹೇಳಿತ್ತು. ಕಾನೂನು ಆಯೋಗವೂ 2015ರ ತನ್ನ 255ನೇ ವರದಿಯಲ್ಲಿ ಒಬ್ಬರಿಗೆ ಒಂದೇ ಸ್ಥಾನ ಎಂಬುದನ್ನು ಒಪ್ಪಿತು. ಸುಪ್ರೀಂ ಕೋರ್ಟ್ 2023ರಲ್ಲಿ, ಇದು ಸಂಸತ್ತು ತೀರ್ಮಾನಿಸಬೇಕಾದ ವಿಷಯ ಎಂದು ಅರ್ಜಿಯನ್ನು ವಜಾ ಮಾಡಿತು. ಸಂಸತ್ತು ಇನ್ನೂ ತೀರ್ಮಾನಿಸಿಲ್ಲ. ನಿಮ್ಮೂರಿನಲ್ಲೇ 2018ರಲ್ಲಿ ನಿಂತ ಸಿದ್ದರಾಮಯ್ಯ ಚಾಮುಂಡೇಶ್ವರಿಯಲ್ಲೂ, ಶ್ರೀರಾಮುಲು ಮೊಳಕಾಲ್ಮುರಿನಲ್ಲೂ ನಿಂತಿದ್ದರು. ನೀವು 1,696 ಮತಗಳ ಅಂತರದಿಂದ ಸಿದ್ದರಾಮಯ್ಯನವರನ್ನು ಆರಿಸಿದಿರಿ.

ಪ್ರಶ್ನೆ: ಶಾಸಕರಿಗಿಂತ ಎಂಪಿ ದೊಡ್ಡವರು ಎನ್ನುತ್ತಾರೆ. ಆದರೆ ನಮ್ಮ ಓಣಿಯ ಚರಂಡಿ ವಿಷಯ ಹೇಳಿದರೆ ಸಂಸದರ ಕಡೆಯವರು ಶಾಸಕರ ಹತ್ತಿರ ಹೋಗಿ ಎನ್ನುತ್ತಾರೆ. ಹಾಗಾದರೆ ಶಾಸಕರಾಗಿದ್ದವರು ಎಂಪಿ ಆದದ್ದರಿಂದ ನಮಗೆ ಬಂದದ್ದೇನು?
— ನಿವೃತ್ತ ಶಿಕ್ಷಕಿ, ಸಂಡೂರು

ಉತ್ತರ: ಟೀಚರಮ್ಮಾ, ಚರಂಡಿ ವಿಷಯದಲ್ಲಿ ಅವರು ಹೇಳಿದ್ದು ತಪ್ಪಲ್ಲ. ಅದು ಪುರಸಭೆಯ ಕೆಲಸ, ಅದರ ಮೇಲೆ ಶಾಸಕರ ಕೆಲಸ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಒಂದೇ ಕ್ಷೇತ್ರಕ್ಕೆ. ಸಂಸದರದು 5 ಕೋಟಿ, ಎಂಟು ವಿಧಾನಸಭಾ ಕ್ಷೇತ್ರಕ್ಕೆ. ಭಾಗಿಸಿ ನೋಡಿದರೆ ನಿಮ್ಮ ತಾಲ್ಲೂಕಿಗೆ ಸಂಸದರ ಪಾಲು ಶಾಸಕರದಕ್ಕಿಂತ ಬಹಳ ಕಡಿಮೆ. ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲಿಸುವ ತಾಲ್ಲೂಕು ಮಟ್ಟದ ಕೆಡಿಪಿ ಸಭೆಗೆ ಶಾಸಕರೇ ಅಧ್ಯಕ್ಷರು. ತಹಸೀಲ್ದಾರ್, ತಾಲ್ಲೂಕು ಪಂಚಾಯಿತಿಯ ಇಒ, ಶಿಕ್ಷಣ ಇಲಾಖೆಯ ಬಿಇಒ ಎಲ್ಲರೂ ಕಡತ ಹಿಡಿದು ಉತ್ತರ ಹೇಳಬೇಕಾದ್ದು ಅವರಿಗೆ. ಹಾಗಾಗಿ ಶಾಸಕರಾಗಿ ಪಳಗಿದವರಿಗೆ ದಿಲ್ಲಿಗೆ ಹೋದ ಮೇಲೆ ಕೈ ಖಾಲಿಯಾದಂತೆ ಅನ್ನಿಸುವುದು ಸಹಜ. ಕೆಲವರು ಸಂಸದರಾದ ಮೇಲೂ ಶಾಸಕರಂತೆಯೇ ಊರಲ್ಲಿ ಓಡಾಡುತ್ತಾ ಗುದ್ದಲಿ ಪೂಜೆಗೆ ಕರೆಯಲಿಲ್ಲವೆಂದು ಕೊರಗುತ್ತಾ ಅವಧಿ ಮುಗಿಸುತ್ತಾರೆ. ಮತದಾರರಿಗೆ ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ.

ದಿಲ್ಲಿಯಲ್ಲಿ ಮಾತ್ರ ಆಗುವ ಕೆಲಸಗಳಿವೆ. ಒಂದನ್ನು ನೀವೂ ನಾನೂ ಕೈಯಲ್ಲಿ ಹಿಡಿದು ನೋಡಿದ್ದೇವೆ. ಸಂವಿಧಾನದ 371ಜೆ ವಿಧಿಯಡಿ ಕೊಡುವ ಅರ್ಹತಾ ಪ್ರಮಾಣಪತ್ರ. ಎಸ್ಎಸ್ಎಲ್‌ಸಿ ಅಂಕಪಟ್ಟಿ, ವ್ಯಾಸಂಗ ಪ್ರಮಾಣಪತ್ರ ಹಿಡಿದು ಮಕ್ಕಳು ತಂದೆತಾಯಿಯ ಜತೆ ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ನಿಲ್ಲುತ್ತಾರಲ್ಲ, ಅದು. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಬೇಕೆಂದು ವೈಜನಾಥ ಪಾಟೀಲರಂಥವರು ದಶಕಗಳ ಕಾಲ ಹೋರಾಡಿದರು. ನಮ್ಮ ವಿಧಾನಸಭೆಯೂ ಕೇಂದ್ರವನ್ನು ಕೇಳಿತ್ತು. ಎನ್‌ಡಿಎ ಸರ್ಕಾರವಿದ್ದಾಗ ಗೃಹ ಸಚಿವ ಅಡ್ವಾಣಿಯವರು ಆಗುವುದಿಲ್ಲ ಎಂದಿದ್ದರು. ವಿಧಾನಸಭೆ ಎಷ್ಟು ಸಲ ಕೇಳಿದರೂ ಸಂವಿಧಾನ ತಿದ್ದುವ ಅಧಿಕಾರ ಇರುವುದು ಸಂಸತ್ತಿಗೆ. ಖರ್ಗೆಯವರು 1972ರಿಂದ ವಿಧಾನಸಭೆಯಲ್ಲಿದ್ದು ಆ ಬೇಡಿಕೆಯ ಒಳಹೊರಗನ್ನೆಲ್ಲ ಬಲ್ಲವರು. 2009ರಲ್ಲಿ ಲೋಕಸಭೆಗೆ ಹೋಗಿ ಕೇಂದ್ರದಲ್ಲಿ ಕಾರ್ಮಿಕ ಸಚಿವರಾದರು. ಅದೇ ವರ್ಷ ಬೀದರ್‌ನಿಂದ ಆಯ್ಕೆಯಾದ ಧರ್ಮಸಿಂಗ್ ಅವರೂ ಜೇವರ್ಗಿಯ ಹಳೆಯ ಶಾಸಕರು, ಮುಖ್ಯಮಂತ್ರಿಯಾಗಿದ್ದವರು. 2012ರ ಡಿಸೆಂಬರ್‌ನಲ್ಲಿ ಸಂಸತ್ತಿನ ಎರಡೂ ಸದನಗಳು 371ಜೆ ಸೇರಿಸುವ ಮಸೂದೆಗೆ ಒಪ್ಪಿಗೆ ಕೊಟ್ಟವು. 2013ರಲ್ಲಿ ಜಾರಿಗೆ ಬಂತು. ಅದರಿಂದ ನಮ್ಮ ಭಾಗದ ಕಾಲೇಜುಗಳಲ್ಲಿ ನಮ್ಮ ಮಕ್ಕಳಿಗೆ ಶೇ 70 ಸೀಟು, ರಾಜ್ಯದ ಉಳಿದ ಕಡೆ ಶೇ 8. ಬಳ್ಳಾರಿ ಜಿಲ್ಲೆಯೂ ಅದರೊಳಗಿದೆ.

ಶಾಸಕರಾಗಿ ನೆಲದಲ್ಲಿ ಕಲಿತದ್ದನ್ನು ಸಂಸದರಾಗಿ ಕಾನೂನಿಗೆ ಏರಿಸಿದ ಉದಾಹರಣೆ ಎಂದರೆ ನನಗೆ ಥಟ್ಟನೆ ನೆನಪಾಗುವುದು ಇದು. 2019ರಲ್ಲಿ ಅದೇ ಖರ್ಗೆಯವರು ಕಲಬುರಗಿಯಲ್ಲಿ 95 ಸಾವಿರ ಮತಗಳ ಅಂತರದಲ್ಲಿ ಸೋತರು, ಅದೂ ತಮ್ಮದೇ ಪಕ್ಷದ ಶಾಸಕರಾಗಿದ್ದ ಉಮೇಶ ಜಾಧವ್ ಅವರಿಗೆ. ಅದು ಮತದಾರರ ಹಕ್ಕು. ಆದರೆ 371ಜೆ ಕೆಲಸ ಅಳಿಯುವುದಿಲ್ಲ. ಆ ಪ್ರಮಾಣಪತ್ರ ಹಿಡಿದು ವೈದ್ಯಕೀಯ ಸೀಟು ಪಡೆದ ಹಳ್ಳಿ ಹುಡುಗಿಯರನ್ನು ನಾನು ಬಲ್ಲೆ.

ಇನ್ನು ನಿಮ್ಮ ಸಂಡೂರಿನ ಮಾತು. ನಿಮ್ಮ ಬೆಟ್ಟಗಳ ಅದಿರಿಗೆ ಸಂಬಂಧಿಸಿದ ಮೂಲ ಕಾನೂನು 1957ರ ಕೇಂದ್ರ ಕಾಯ್ದೆ. ದೋಣಿಮಲೈಯಲ್ಲಿ ಗಣಿ ನಡೆಸುವ ಎನ್‌ಎಂಡಿಸಿ ಕೇಂದ್ರದ ಸಂಸ್ಥೆ. 2024ರ ಜೂನ್‌ನಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಚನ್ನಪಟ್ಟಣ ಬಿಟ್ಟು ಮಂಡ್ಯದಿಂದ ಗೆದ್ದ ಕುಮಾರಸ್ವಾಮಿ ಕೇಂದ್ರದ ಉಕ್ಕು ಸಚಿವರಾದರು. ಅಧಿಕಾರಕ್ಕೆ ಬಂದ ಕೂಡಲೇ ಸಹಿ ಹಾಕಿದ ಕಡತ ಸಂಡೂರಿನ ದೇವದಾರಿ ಗಣಿಗೆ, ಅಂದರೆ ಕೇಂದ್ರದ್ದೇ ಸಂಸ್ಥೆಯಾದ ಕೆಐಒಸಿಎಲ್‌ನ ಯೋಜನೆಗೆ ಸಂಬಂಧಿಸಿದ್ದು. ಬೆನ್ನಿಗೇ ರಾಜ್ಯದ ಅರಣ್ಯ ಸಚಿವರು ಅರಣ್ಯ ಭೂಮಿ ಹಸ್ತಾಂತರಿಸಬೇಡಿ ಎಂದು ಅಧಿಕಾರಿಗಳಿಗೆ ಸೂಚಿಸಿದರು. ಆ ಸಚಿವರು ಈಶ್ವರ ಖಂಡ್ರೆ. ಮೊದಲ ಉತ್ತರದಲ್ಲಿ ಹೇಳಿದೆನಲ್ಲ, ಲೋಕಸಭೆಗೆ ನಿಂತು ಸೋತು ಶಾಸಕರಾಗಿಯೇ ಉಳಿದವರು. ಒಬ್ಬರು ಗೆದ್ದು ದಿಲ್ಲಿಗೆ ಹೋದರು, ಇನ್ನೊಬ್ಬರು ಸೋತು ಇಲ್ಲೇ ಉಳಿದರು, ಇಬ್ಬರ ಸಹಿಯ ನಡುವೆ ನಿಂತದ್ದು ನಿಮ್ಮ ಕಾಡು. ನಿಮ್ಮ ಸಂಸದರಿಗೆ ಆ ಬೆಟ್ಟ, ಆ ಹಳ್ಳಿಗಳು, ಅಲ್ಲಿನ ಲಾರಿ ಧೂಳು ಎಲ್ಲ ಗೊತ್ತು. 2008ರಿಂದ ನಾಲ್ಕು ಸಲ ಅಲ್ಲಿಂದಲೇ ಶಾಸಕರಾದವರು. ಹಾಗಾಗಿ ಚರಂಡಿಯ ಬದಲು ಅವರನ್ನು ನೀವು ಕೇಳಬೇಕಾದ್ದು: ದೇವದಾರಿ ವಿಷಯದಲ್ಲಿ ಲೋಕಸಭೆಯಲ್ಲಿ ಏನು ಮಾತಾಡಿದಿರಿ? ಯಾವ ಪ್ರಶ್ನೆ ಕೇಳಿದಿರಿ, ಸಚಿವರು ಏನು ಉತ್ತರ ಕೊಟ್ಟರು?

ಇದನ್ನು ಅವರ ಬಾಯಿಂದಲೇ ಕೇಳಬೇಕಿಲ್ಲ. ಲೋಕಸಭೆಯ ಜಾಲತಾಣದಲ್ಲಿ ಸದಸ್ಯರ ಹೆಸರು ಹಾಕಿದರೆ ಕೇಳಿದ ಪ್ರಶ್ನೆ, ಬಂದ ಲಿಖಿತ ಉತ್ತರ, ಚರ್ಚೆಯಲ್ಲಿ ಆಡಿದ ಮಾತು ಎಲ್ಲ ಸಿಗುತ್ತವೆ. ಶೂನ್ಯವೇಳೆಯಲ್ಲಿ ಎತ್ತಿದ ವಿಷಯ, 377ನೇ ನಿಯಮದಡಿ ಪ್ರಸ್ತಾಪಿಸಿದ ವಿಷಯ ಎಲ್ಲವೂ ದಾಖಲೆಯಾಗಿರುತ್ತದೆ. ನೀವು ಶಿಕ್ಷಕಿಯಾಗಿದ್ದವರು, ನಿಮ್ಮ ಹಳೆಯ ವಿದ್ಯಾರ್ಥಿಗಳು ಯಾರಾದರೂ ಅರ್ಧ ಗಂಟೆಯಲ್ಲಿ ತೆಗೆದುಕೊಡುತ್ತಾರೆ. ಜಿಲ್ಲೆಯಲ್ಲಿ ‘ದಿಶಾ’ ಎಂಬ ಸಮಿತಿಯೂ ಇದೆ, ಅದಕ್ಕೆ ಸಂಸದರೇ ಅಧ್ಯಕ್ಷರು. ಉದ್ಯೋಗ ಖಾತ್ರಿ, ಜಲಜೀವನ, ಗ್ರಾಮ ಸಡಕ್, ಮಧ್ಯಾಹ್ನದ ಊಟದಂಥ ಕೇಂದ್ರದ ಹಣ ಬರುವ ಯೋಜನೆಗಳನ್ನು ಅಲ್ಲಿ ಪರಿಶೀಲಿಸುತ್ತಾರೆ. ಮೂರು ತಿಂಗಳಿಗೊಮ್ಮೆ ಸಭೆ ನಡೆಯಬೇಕು. ನಡೆದಿದೆಯೇ, ನಡಾವಳಿ ಎಲ್ಲಿದೆ ಎಂದು ಜಿಲ್ಲಾ ಪಂಚಾಯಿತಿಯಲ್ಲಿ ಮಾಹಿತಿ ಹಕ್ಕಿನಲ್ಲಿ ಕೇಳಿ. ಒಂದು ಅರ್ಜಿ, ಹತ್ತು ರೂಪಾಯಿ ಶುಲ್ಕ. ಶಾಸಕರಾಗಿದ್ದವರಿಗೆ ಈ ಸಭೆ ನಡೆಸುವುದು ಹೊಸದಲ್ಲ. ಕೆಡಿಪಿಯಲ್ಲಿ ಅಧಿಕಾರಿಗಳ ನುಣುಚು ಉತ್ತರಗಳನ್ನೆಲ್ಲ ಕೇಳಿ ಬಲ್ಲವರು. ಆ ಅನುಭವ ದಿಶಾ ಸಭೆಯಲ್ಲಿ ಕಾಣದಿದ್ದರೆ ಪ್ರಶ್ನಿಸುವ ಹಕ್ಕು ನಿಮ್ಮದು.

ಪ್ರಶ್ನೆ: ನಮ್ಮ ಬಳ್ಳಾರಿಗೆ ಎಷ್ಟು ಸಲ ಉಪಚುನಾವಣೆ ಬರುತ್ತದೆ ಮೇಡಂ? ಎಂಪಿ ಆದವರೂ ವಾಪಸ್ ಎಂಎಲ್ಎ ಆಗಲು ಬರುತ್ತಾರೆ.
— ಆಟೊ ಚಾಲಕ, ಬಳ್ಳಾರಿ

ಉತ್ತರ: ನಿಮ್ಮ ಬೇಸರ ಸುಳ್ಳಲ್ಲ, ತಮ್ಮಾ. 2011ರಲ್ಲಿ ಶ್ರೀರಾಮುಲು ರಾಜೀನಾಮೆ ಕೊಟ್ಟು ಬಳ್ಳಾರಿ ಗ್ರಾಮೀಣಕ್ಕೆ ಉಪಚುನಾವಣೆ ಬಂತು, ಅವರೇ ಪಕ್ಷೇತರರಾಗಿ ಗೆದ್ದರು. 2014ರಲ್ಲಿ ಲೋಕಸಭೆಗೆ ಹೋದಾಗ ಅದೇ ಕ್ಷೇತ್ರಕ್ಕೆ ಮತ್ತೆ. 2018ರಲ್ಲಿ ವಿಧಾನಸಭೆಗೆ ವಾಪಸ್ ಬಂದಾಗ ಬಳ್ಳಾರಿ ಲೋಕಸಭೆಗೆ. 2024ರಲ್ಲಿ ಸಂಡೂರಿಗೆ.

ಇದರಲ್ಲಿ 2018ರದನ್ನು ನೆನೆದರೆ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ. ಲೋಕಸಭೆಯ ಅವಧಿ 2019ರ ಜೂನ್ ಮೊದಲ ವಾರದವರೆಗೆ ಇತ್ತು. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ ಉಪಚುನಾವಣೆ ಬೇಕಿಲ್ಲ ಎಂದು ಅದೇ 151ಎ ಹೇಳುತ್ತದೆ. ವಿಧಾನಸಭೆಗೆ ಗೆದ್ದ ನಮ್ಮ ಮೂವರು ಸಂಸದರು, ಬಳ್ಳಾರಿಯ ಶ್ರೀರಾಮುಲು, ಶಿವಮೊಗ್ಗದ ಯಡಿಯೂರಪ್ಪ, ಮಂಡ್ಯದ ಪುಟ್ಟರಾಜು, ರಾಜೀನಾಮೆ ಕೊಟ್ಟದ್ದು ಮೇ ತಿಂಗಳ ಉತ್ತರಾರ್ಧದಲ್ಲಿ. ಆ ಕೆಲವೇ ದಿನಗಳ ಹೆಚ್ಚಳಕ್ಕೆ ಬಳ್ಳಾರಿ, ಶಿವಮೊಗ್ಗ, ಮಂಡ್ಯ ಮೂರೂ ಲೋಕಸಭಾ ಕ್ಷೇತ್ರಗಳು 2018ರ ನವೆಂಬರ್ 3ರಂದು ಮತ ಹಾಕಿದವು. ಆಂಧ್ರದ ಐವರು ಸಂಸದರ ರಾಜೀನಾಮೆ ಜೂನ್‌ನಲ್ಲಿ ಅಂಗೀಕಾರವಾದ್ದರಿಂದ ಅಲ್ಲಿ ಚುನಾವಣೆ ಬರಲಿಲ್ಲ. ನಿಮ್ಮಲ್ಲಿ ವಿ.ಎಸ್. ಉಗ್ರಪ್ಪ ಗೆದ್ದರು, ಚಳಿಗಾಲದ ಅಧಿವೇಶನ, ಮಧ್ಯಂತರ ಬಜೆಟ್ ಮುಗಿಯುವಷ್ಟರಲ್ಲಿ ಮತ್ತೆ ಪ್ರಚಾರಕ್ಕೆ ಇಳಿಯಬೇಕಾಯಿತು. ಅವರ ಮಟ್ಟಿಗೂ ಅದು ಅನ್ಯಾಯವೇ.

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾಗಿದ್ದವಳು. ಮುಂದೆ ಶಾಸಕಿಯಾಗಿ, ಆಮೇಲೆ ಲೋಕಸಭೆಗೆ ಹೋಗುವ ಆಸೆ ಇದೆ. ಮನೆಯವರು ನಗುತ್ತಾರೆ. ಏನು ಸಿದ್ಧತೆ ಮಾಡಿಕೊಳ್ಳಲಿ ಅಕ್ಕಾ?
— ಓದುಗಿ, ಹಿರೇಕೆರೂರು ತಾಲ್ಲೂಕು

ಉತ್ತರ: ನಗುವವರು ನಗಲಿ, ತಂಗಿ. ಎಚ್.ಡಿ. ದೇವೇಗೌಡರು 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ವಿಧಾನಸಭೆಗೆ ಬಂದವರು. 1989ರಲ್ಲಿ ನಿಂತ ಎರಡೂ ಕಡೆ ಸೋತರು. 1991ರಲ್ಲಿ ಹಾಸನದಿಂದ ಲೋಕಸಭೆಗೆ ಹೋದರು, 1994ರಲ್ಲಿ ರಾಮನಗರದಿಂದ ಗೆದ್ದು ಮುಖ್ಯಮಂತ್ರಿಯಾದರು, 1996ರ ಜೂನ್ 1ರಂದು ಪ್ರಧಾನಿಯಾದರು. ಸೋಲಿನ ಮೇಲೂ ದಾರಿ ಇರುತ್ತದೆ.

ನಿನಗೆ ವಯಸ್ಸಿನ ತೊಂದರೆ ಇರಲಾರದು. ಎರಡೂ ಸದನಕ್ಕೆ 25 ಆಗಿದ್ದರೆ ಸಾಕು. ಠೇವಣಿ ವಿಧಾನಸಭೆಗೆ 10 ಸಾವಿರ, ಲೋಕಸಭೆಗೆ 25 ಸಾವಿರ. ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರ ಅರ್ಧ. ಚಲಾವಣೆಯಾದ ಮತಗಳಲ್ಲಿ ಆರನೇ ಒಂದಕ್ಕಿಂತ ಹೆಚ್ಚು ಬರದಿದ್ದರೆ ಠೇವಣಿ ಮುಟ್ಟುಗೋಲು. ಮಾನ್ಯತೆ ಪಡೆದ ಪಕ್ಷದಿಂದ ನಿಂತರೆ ಒಬ್ಬ ಸೂಚಕರು, ಇಲ್ಲದಿದ್ದರೆ ಹತ್ತು ಜನ. ಅವರೆಲ್ಲ ನೀನು ನಿಲ್ಲುವ ಕ್ಷೇತ್ರದ ಮತದಾರರೇ ಆಗಿರಬೇಕು. ನಮೂನೆ 26ರ ಅಫಿಡವಿಟ್‌ನಲ್ಲಿ ಯಾವ ಅಂಕಣವನ್ನೂ ಖಾಲಿ ಬಿಡಬೇಡ. ಇಲ್ಲದ್ದಕ್ಕೆ ‘ಇಲ್ಲ’ ಎಂದು ಬರೆ, ಗೆರೆ ಎಳೆಯಬೇಡ. ಖಾಲಿ ಬಿಟ್ಟು, ನೋಟಿಸು ಕೊಟ್ಟರೂ ಸರಿಪಡಿಸದೆ ನಾಮಪತ್ರ ಕಳೆದುಕೊಂಡವರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇದೆಲ್ಲ ಕೊನೆಯ ವಾರದ ಕೆಲಸ. ಈಗಿನಿಂದಲೇ ಮಾಡಬೇಕಾದ್ದು ಇನ್ನೊಂದಿದೆ. ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ನಮೂನೆ 20 ಎಂಬ ಫಲಿತಾಂಶದ ಹಾಳೆ ಸಿಗುತ್ತದೆ. ಹಿರೇಕೆರೂರಿನ ಪ್ರತಿ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಬಿತ್ತು ಎಂದು ಅದರಲ್ಲಿದೆ. 2023ರದನ್ನೂ 2024ರದನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡು. ಮತಗಟ್ಟೆಯ ಸಂಖ್ಯೆಗಳು ನಡುವೆ ಬದಲಾಗಿರಬಹುದು, ಹಾಗಾಗಿ ಊರಿನ ಹೆಸರು ಹಿಡಿದೇ ಹೊಂದಿಸಿಕೊ. ಒಂದೇ ಊರು ಒಂದೇ ವರ್ಷದಲ್ಲಿ ಶಾಸಕರಿಗೆ ಒಂದು ರೀತಿ, ಸಂಸದರಿಗೆ ಇನ್ನೊಂದು ರೀತಿ ಮತ ಹಾಕಿರುವುದು ಕಾಣುತ್ತದೆ. ಅಂಥ ಊರುಗಳಿಗೆ ಮೊದಲು ಹೋಗು, ಯಾಕೆ ಎಂದು ಕೇಳಿ ಬರೆದಿಟ್ಟುಕೊ. ಮತಗಟ್ಟೆ ಮಟ್ಟದ ಅಧಿಕಾರಿ ಬಿಎಲ್ಒ ಯಾರು, ಪಟ್ಟಿಯಿಂದ ಯಾರ ಹೆಸರು ಬಿಟ್ಟುಹೋಗಿದೆ, ಮದುವೆಯಾಗಿ ಬಂದ ಸೊಸೆಯಂದಿರ ಹೆಸರು ಸೇರಿದೆಯೇ ಎಂದೂ ವಿಚಾರಿಸು. ಹೊಸ ಹೆಸರಿಗೆ ನಮೂನೆ 6, ವಿಳಾಸ ಬದಲಾವಣೆಗೆ ನಮೂನೆ 8. ಅವನ್ನು ತುಂಬಿಸಿಕೊಡುವ ಕೆಲಸದಿಂದಲೇ ಶುರು ಮಾಡು, ಎಲ್ಲಾದರೂ ತೊಡಕಾದರೆ ನನಗೆ ಬರೆ.